ಔಷಧ ನಾಟುತ್ತಿದೆಯಾ? ಕೊಪ್ಪಳ–ಹುಬ್ಬಳ್ಳಿ ನಡುವೆ ನನ್ನ 15 ತಿಂಗಳು

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ವಯಸ್ಸು 44. ಮನೆಯವರು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಮಗಳು ಪಿಯುಸಿ, ಮಗ ಎಂಟನೇ ಕ್ಲಾಸು. 2025ರ ಜೂನ್‌ಗೆ ನನ್ನ ಎದೆ ಕ್ಯಾನ್ಸರ್‌ನ ಕೀಮೋ, ಆಪರೇಶನ್, ಕರೆಂಟು (ರೇಡಿಯೇಶನ್) ಎಲ್ಲ ಮುಗಿದವು. ಈಗ ಮಾತ್ರೆ ಅಷ್ಟೇ. ನೋಡಿದವರೆಲ್ಲ "ಗೆದ್ದು ಬಂದಿ" ಅನ್ನುತ್ತಾರೆ. ಆದರೆ ಈ 15 ತಿಂಗಳೂ ಒಂದೇ ಪ್ರಶ್ನೆ ನನ್ನ ಜೊತೆ ಮಲಗಿ ಎದ್ದಿದೆ: ಔಷಧ ನಿಜಕ್ಕೂ ನಾಟುತ್ತಿದೆಯಾ? ಜೋರಾಗಿ ಕೇಳಿದರೆ ಮನೆಯಲ್ಲಿ "ಅಂಥ ಮಾತು ಆಡಬ್ಯಾಡ" ಅಂತಾರೆ. ಆದರೆ ಕೀಮೋ ವಾರ್ಡಿನಲ್ಲಿ ನಾನು ಮಾತಾಡಿಸಿದ ಪ್ರತಿ ಹೆಣ್ಣುಮಗಳಿಗೂ ಇದೇ ಪ್ರಶ್ನೆ ಇತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

2024ರ ಆಗಸ್ಟ್, ಶ್ರಾವಣದ ಎರಡನೇ ಸೋಮವಾರ. ತಲೆಸ್ನಾನ ಮಾಡುವಾಗ ಎಡ ಎದೆಯ ಮೇಲೆ, ಕಂಕುಳ ಕಡೆಗೆ, ಒಂದು ಗಂಟು ಕೈಗೆ ಸಿಕ್ಕಿತು. ಸಣ್ಣ ನಿಂಬೆಹಣ್ಣಿನಷ್ಟು, ಆದರೆ ಕಲ್ಲಿನ ಹಾಗೆ ಗಟ್ಟಿ. ನೋವು ಇರಲಿಲ್ಲ. ಎಷ್ಟು ದಿನದಿಂದ ಇತ್ತೋ ಗೊತ್ತಿಲ್ಲ, ನಾನು ಯಾವತ್ತೂ ಕೈಯಾಡಿಸಿ ನೋಡಿಕೊಂಡವಳೇ ಅಲ್ಲ. ಮರುದಿನ ಒಂದು ಕ್ಲಿನಿಕ್‌ಗೆ ಹೋದೆ. ನೋವಿಲ್ಲ ಅಂದರೆ ಭಯ ಇಲ್ಲ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೀಗೆ ಗಂಟು ಬರುತ್ತವೆ ಅಂತ ಹೇಳಿ ಒಂದು ತಿಂಗಳಿಗೆ ವಿಟಮಿನ್ ಮಾತ್ರೆ ಬರೆದುಕೊಟ್ಟರು. ನಾನೂ ಖುಷಿಯಿಂದ ನಂಬಿದೆ, ನಂಬುವುದೇ ಸುಲಭ ಇತ್ತು. ಮೂರು ವಾರ ಹೋದವು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎದೆಯ ಕ್ಯಾನ್ಸರ್ ಗಂಟಿಗೆ ಸಾಮಾನ್ಯವಾಗಿ ನೋವು ಇರುವುದಿಲ್ಲ. ಗಂಟು ಸಿಕ್ಕರೆ ಮ್ಯಾಮೋಗ್ರಾಂ ಮತ್ತು ಅಲ್ಟ್ರಾಸೌಂಡ್ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ.

ಸೆಪ್ಟೆಂಬರ್ ಮೊದಲ ವಾರ ನನ್ನ ತಂಗಿ ಊರಿಂದ ಬಂದಾಗ ತೋರಿಸಿದೆ. ಮುಟ್ಟಿ ನೋಡಿದ ಅವಳ ಮುಖ ಬಿಳಚಿಕೊಂಡಿತು. ಅವಳೇ ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ರಿಪೋರ್ಟ್‌ನಲ್ಲಿ ಗಂಟು 4.6 ಸೆಂಟಿಮೀಟರ್, "ಬೈರಾಡ್ಸ್ 5" ಅಂತ ಇತ್ತು. ಮಗಳು ಮೊಬೈಲ್‌ನಲ್ಲಿ ಹುಡುಕಿ ಓದಿದಳು, ಆದರೆ ನನಗೆ ಅರ್ಥ ಹೇಳಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಒಬ್ಬಳೇ ಅಳುವುದು ಕೇಳಿಸಿದಾಗ ನನಗೆ ಗೊತ್ತಾಯಿತು. 5 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ತುಂಬಾ ಜಾಸ್ತಿ ಅಂತ ಅರ್ಥ.

ಬಯಾಪ್ಸಿಗೆ ದಪ್ಪ ಸೂಜಿ ಹಾಕುತ್ತಾರೆ. ಮರಗಟ್ಟಿಸಿ ಮಾಡುವುದರಿಂದ ನೋವು ಜಾಸ್ತಿ ಇರುವುದಿಲ್ಲ, ಆ ಟಕ್ ಅನ್ನುವ ಸದ್ದಿಗೇ ಜೀವ ಹೋದ ಹಾಗೆ ಆಗುತ್ತದೆ. ಸೂಜಿ ಚುಚ್ಚಿದರೆ ಹರಡುತ್ತದೆ ಅಂತ ನಮ್ಮ ಓಣಿಯಲ್ಲಿ ನಾಲ್ಕು ಮಂದಿ ಹೆದರಿಸಿದ್ದರು. ಡಾಕ್ಟರ್ ಹೇಳಿದರು, ಸೂಜಿ ಪರೀಕ್ಷೆ ಇಲ್ಲದೆ ಯಾವ ತರದ ಕ್ಯಾನ್ಸರ್ ಅಂತ ಗೊತ್ತಾಗುವುದಿಲ್ಲ, ಗೊತ್ತಾಗದೆ ಔಷಧ ಆರಿಸಲು ಬರುವುದಿಲ್ಲ. ಆರು ದಿನಕ್ಕೆ ರಿಪೋರ್ಟ್ ಬಂತು: ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ, ಗ್ರೇಡ್ 2. ಅಂದರೆ ಹಾಲಿನ ನಾಳದಲ್ಲಿ ಹುಟ್ಟಿ ಸುತ್ತಲಿನ ಭಾಗಕ್ಕೆ ನುಗ್ಗಿದ ಕ್ಯಾನ್ಸರ್. ಕಂಕುಳಲ್ಲೂ ಎರಡು ಗಂಟು ಇದ್ದವು.

ಅಲ್ಲಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ. ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಿದರೆ ಡಾಕ್ಟರ್ ಮುಂದೆ ಕೂತದ್ದು ಮೂರೂವರೆಗೆ. ಪಾಳಿಯಲ್ಲಿ ಕೂತಾಗ ತಲೆಗೆ ಸೆರಗು ಬಿಗಿದ ಹೆಂಗಸರನ್ನು ನೋಡಿ, ನಾನು ಇವರಲ್ಲೊಬ್ಬಳು ಅಲ್ಲ, ಏನೋ ತಪ್ಪಾಗಿ ಬಂದಿದ್ದೇನೆ ಅಂದುಕೊಳ್ಳುತ್ತಿದ್ದೆ. ಒಳಗೆ ಹೋದಾಗ ಡಾಕ್ಟರ್ ಮೊದಲು ಕೇಳಿದ್ದು "ಬ್ಲಾಕ್ ತಂದೀರೇನ್ರಿ?" ನನಗೆ ಬ್ಲಾಕ್ ಅಂದರೇನು ಗೊತ್ತಿರಲಿಲ್ಲ. ಬಯಾಪ್ಸಿ ಮಾಡಿದ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದೇ ಬ್ಲಾಕ್. ಮುಂದಿನ ಪರೀಕ್ಷೆಗಳೆಲ್ಲ ಅದರ ಮೇಲೇ. ರಿಪೋರ್ಟ್ ಕಾಗದ ಒಂದೇ ಸಾಲದು. ನಾವು ವಾಪಸ್ ಬಂದು ಬ್ಲಾಕ್ ಮತ್ತು ಗಾಜಿನ ಸ್ಲೈಡ್ ತೆಗೆದುಕೊಂಡು ಹೋಗುವುದರಲ್ಲಿ ನಾಲ್ಕು ದಿನ ಹೋಯಿತು. ನೀವು ಬಯಾಪ್ಸಿ ರಿಪೋರ್ಟ್ ತೆಗೆದುಕೊಳ್ಳುವ ದಿನವೇ ಬ್ಲಾಕ್, ಸ್ಲೈಡ್ ಎರಡನ್ನೂ ಕೇಳಿ ಇಸಿದುಕೊಳ್ಳಿ. ಬಿಸಿಲಲ್ಲಿ ಇಡಬೇಡಿ.

ಆ ಬ್ಲಾಕ್ ಮೇಲೆ ಐಎಚ್‌ಸಿ ಅಂತ ಪರೀಕ್ಷೆ ಮಾಡುತ್ತಾರೆ. ಇಆರ್, ಪಿಆರ್ (ಎರಡೂ ಹಾರ್ಮೋನಿಗೆ ಸಂಬಂಧಿಸಿದವು), ಹರ್-2 (ಗಡ್ಡೆ ಬೆಳೆಸುವ ಒಂದು ಪ್ರೋಟೀನು) ಅಂತ ಮೂರು ಹೆಸರು ಬರುತ್ತವೆ. ನನ್ನದು ಇಆರ್, ಪಿಆರ್ ಎರಡೂ ಪಾಸಿಟಿವ್, ಅಂದರೆ ಹಾರ್ಮೋನ್ ತಿಂದು ಬೆಳೆಯುವ ಗಡ್ಡೆ. ಹರ್-2 ಮಾತ್ರ "ಎರಡು ಪ್ಲಸ್" ಬಂತು. ಮೂರು ಪ್ಲಸ್ ಆದರೆ ಪಾಸಿಟಿವ್, ಸೊನ್ನೆ ಅಥವಾ ಒಂದು ಆದರೆ ನೆಗೆಟಿವ್, ಎರಡು ಅಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅದನ್ನು ತೀರ್ಮಾನಿಸಲು ಫಿಶ್ ಅಂತ ಇನ್ನೊಂದು ಟೆಸ್ಟ್, ಅದಕ್ಕೆ ಬೇರೆ ದುಡ್ಡು, ಬೇರೆ ಊರಿನ ಲ್ಯಾಬು, 12 ದಿನ ಕಾಯಬೇಕು. ಇಡೀ 15 ತಿಂಗಳಲ್ಲಿ ನನಗೆ ತೀರಾ ಕಷ್ಟ ಆದದ್ದು ಕೀಮೋ ಅಲ್ಲ, ಈ 12 ದಿನ. ಗಡ್ಡೆ ಒಳಗೆ ಬೆಳೆಯುತ್ತಾ ಇದೆ, ನಾನು ಹೊರಗೆ ಪಹಣಿ ಜೆರಾಕ್ಸ್ ಮಾಡುತ್ತಾ ಕೂತಿದ್ದೇನೆ ಅನ್ನಿಸುತ್ತಿತ್ತು. ಕೊನೆಗೆ ನೆಗೆಟಿವ್ ಬಂತು. ಅಷ್ಟರಲ್ಲಿ ಸಿಟಿ ಸ್ಕ್ಯಾನ್, ಬೋನ್ ಸ್ಕ್ಯಾನ್, ಹೃದಯದ ಎಕೋ ಮುಗಿಸಿಕೊಂಡೆವು. ಬೇರೆ ಕಡೆ ಹರಡಿರಲಿಲ್ಲ.

ದುಡ್ಡಿನ ಮಾತು. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನನಗೆ ಅದು ಒಂದೇ ದಿನದಲ್ಲಿ ಸಿಕ್ಕಿತು. ಸಿಕ್ಕಿಕೊಂಡಿದ್ದು ಬೇರೆ ಕಡೆ. ಆಧಾರ್‌ನಲ್ಲಿ ನನ್ನ ತವರಿನ ಅಡ್ಡಹೆಸರು ಇತ್ತು, ರೇಶನ್ ಕಾರ್ಡಿನಲ್ಲಿ ಗಂಡನ ಮನೆಯ ಅಡ್ಡಹೆಸರು. ಇಪ್ಪತ್ತು ವರ್ಷ ಇದೇ ತಪ್ಪನ್ನು ಬೇರೆಯವರ ಕಾಗದದಲ್ಲಿ ತೋರಿಸಿ "ಮೊದಲು ಸರಿಮಾಡಿಸ್ರಿ" ಅಂತ ಹೇಳಿದವಳು ನಾನು, ನನ್ನದನ್ನು ನೋಡಿಕೊಂಡಿರಲಿಲ್ಲ. ಸರಿಮಾಡಿಸಲು ಎಂಟು ದಿನ ಬೇಕಾಯಿತು. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿ ಇರುವಾಗಲೇ ಇವತ್ತೇ ಎರಡು ಕಾರ್ಡು ಪಕ್ಕಪಕ್ಕ ಇಟ್ಟು ಹೆಸರು ಹೊಂದಿಸಿ ನೋಡಿ, ದಯವಿಟ್ಟು.

ಸ್ಕೀಮಿನಲ್ಲಿ ಪ್ರತಿ ಕೀಮೋಗೂ ಬೇರೆ ಬೇರೆ ಅನುಮತಿ ಬರಬೇಕು. ಪ್ರತಿ ಸಲ ಫೋಟೊ, ಬೆರಳಚ್ಚು. ಆಸ್ಪತ್ರೆಯಲ್ಲಿ ಸ್ಕೀಮಿನ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರ ಅಂತ ಇರುತ್ತಾರೆ, ಅವರ ನಂಬರ್ ಮೊದಲ ದಿನವೇ ಬರೆದುಕೊಳ್ಳಿ. ಕೀಮೋ, ಆಪರೇಶನ್, ರೇಡಿಯೇಶನ್‌ಗೆ ನಾವು ಕೈಯಿಂದ ಕೊಡಲಿಲ್ಲ. ಆದರೆ ರೋಗ ಗೊತ್ತಾಗುವವರೆಗಿನ ಖರ್ಚೆಲ್ಲ ನಮ್ಮದೇ. ಬಯಾಪ್ಸಿ, ಐಎಚ್‌ಸಿ, ಫಿಶ್, ಸ್ಕ್ಯಾನ್‌ಗಳು ಸೇರಿ 38 ಸಾವಿರ ಹೋಯಿತು. ಆಮೇಲೆ ಊಟ, ಓಡಾಟ, ರೂಮು, ಹೊರಗಿನ ಇಂಜೆಕ್ಷನ್ ಅಂತ ಇನ್ನೂ 70 ಸಾವಿರದ ಹತ್ತಿರ. ಅಂಗಡಿ ಮುಚ್ಚಿದ ದಿನಗಳ ಲೆಕ್ಕ ನಾನು ಹಾಕಿಲ್ಲ.

ಮೊದಲ ಕೀಮೋ 2024ರ ಅಕ್ಟೋಬರ್ 10, ಆಯುಧ ಪೂಜೆಯ ಹಿಂದಿನ ದಿನ. ಮರುದಿನ ಅಂಗಡಿಯ ಮಷೀನಿಗೆ ಮಗಳೇ ಹೂ ಏರಿಸಿದಳು. ನನಗೆ ಹೇಳಿದ ಲೆಕ್ಕ ಹೀಗೆ: ಮೂರು ವಾರಕ್ಕೊಂದರಂತೆ ನಾಲ್ಕು ಸಲ ಕೆಂಪು ಔಷಧ, ಆಮೇಲೆ ನಾಲ್ಕು ಸಲ ಡೋಸಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಔಷಧ, ಆಮೇಲೆ ಆಪರೇಶನ್. ಮೊದಲು ಆಪರೇಶನ್ ಯಾಕೆ ಮಾಡಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಅನುಮಾನ. ಗಡ್ಡೆ ದೊಡ್ಡದಿದ್ದು ಕಂಕುಳಿಗೂ ಹೋಗಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸುತ್ತಾರೆ. ಇನ್ನೊಂದು ಲಾಭ, ಗಡ್ಡೆ ಇರುವಾಗಲೇ ಔಷಧ ಕೊಟ್ಟರೆ ಅದು ಕುಗ್ಗುತ್ತದೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಈ ಎರಡನೇ ಮಾತೇ ನನಗೆ ಹಿಂಸೆ ಆಯಿತು.

ಯಾಕಂದರೆ ನಾನು ದಿನಾ ರಾತ್ರಿ ಮುಟ್ಟಿ ಮುಟ್ಟಿ ನೋಡಲು ಶುರುಮಾಡಿದೆ. ದೀಪ ಆರಿಸಿದ ಮೇಲೆ ಮೂರು ಬೆರಳಿಟ್ಟು ಅಳೆಯುವುದು. ಒಂದು ದಿನ ಮೆತ್ತಗಾಗಿದೆ ಅನ್ನಿಸುತ್ತಿತ್ತು, ಮರುದಿನ ದೊಡ್ಡದಾಗಿದೆ ಅನ್ನಿಸುತ್ತಿತ್ತು. ಕೂದಲು 17ನೇ ದಿನಕ್ಕೆ ಉದುರಿತು, ಬಾಯಲ್ಲಿ ಹುಣ್ಣು, ಜೋಳದ ನುಚ್ಚು ಮತ್ತು ಮಜ್ಜಿಗೆ ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಇಷ್ಟೆಲ್ಲ ಕಷ್ಟ ಆಗುತ್ತಿದೆ ಅಂದರೆ ಗಡ್ಡೆಗೂ ಆಗುತ್ತಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ಅದೂ ತಪ್ಪಂತೆ. ಡಾಕ್ಟರ್ ಹೇಳಿದರು, ವಾಂತಿ, ಕೂದಲು ಉದುರುವುದು ಇವು ಔಷಧ ನಾಟಿದ್ದಕ್ಕೆ ಗುರುತಲ್ಲ, ತ್ರಾಸು ಕಡಿಮೆ ಆದವರಿಗೆ ನಾಟಿಲ್ಲ ಅಂತಲೂ ಅಲ್ಲ. ಎರಡು ಕೀಮೋ ಆದ ಮೇಲೆ ಅಳೆದರು: 4.4. ಕುಗ್ಗಿದ್ದು ಎರಡೇ ಎರಡು ಮಿಲಿಮೀಟರ್! ಬಸ್ಸಿನಲ್ಲಿ ಗದಗ ಬರುವವರೆಗೆ ಮನೆಯವರು ನನ್ನ ಜೊತೆ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಮೂರನೇ ಕೀಮೋ ದಿನ ಪಕ್ಕದ ಹಾಸಿಗೆಯಲ್ಲಿ ಸಿಂಧನೂರು ಕಡೆಯ ಒಬ್ಬ ಅಕ್ಕ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಎಷ್ಟನೇದು ಅಂತ ಕೇಳಿದೆ. "ಇದು ಎರಡನೇ ಬಾರಿ ತಂಗಿ. ಮೂರು ವರ್ಷದ ಹಿಂದ ಎಲ್ಲಾ ಮುಗಿಸಿದ್ದೆ. ಒಂದು ಗುಳಿಗಿ ತಪ್ಪಿಸಿಲ್ಲ. ಈಗ ಬೆನ್ನಿನ ಎಲುಬಿಗೆ ಬಂದೈತಿ" ಅಂದರು. ಅದನ್ನು ಹೇಳಿ ಡಬ್ಬಿ ತೆಗೆದು ನನಗೆ ಮಂಡಕ್ಕಿ ಕೊಟ್ಟರು. ನನ್ನ ಕೈಗೆ ಕೆಂಪು ಔಷಧ ಹನಿಹನಿ ಇಳಿಯುತ್ತಿತ್ತು. ಎಲ್ಲ ಸರಿಯಾಗಿ ಮಾಡಿದವರಿಗೇ ಹೀಗಾದರೆ ನಾನು ಯಾಕೆ ಇದನ್ನು ಹಾಕಿಸಿಕೊಳ್ಳುತ್ತಿದ್ದೇನೆ ಅನ್ನಿಸಿತು.

ಅದೇ ವಾರ ನಮ್ಮ ಮೈದುನ ಮಲೆನಾಡಿನ ಕಡೆಯಿಂದ ನಾಟಿ ಔಷಧ ತಂದ. ಯಾವುದೋ ಮರದ ತೊಗಟೆ, ಪುಡಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಷಾಯ. ಅವನು ಪ್ರೀತಿಯಿಂದಲೇ ತಂದದ್ದು, ಎರಡು ರಾತ್ರಿ ಪಾಳಿ ಹಚ್ಚಿ ನಿಂತು ತಂದಿದ್ದ. "ವೈನಿ, ಕೀಮೋದ ಜೋಡಿನೂ ತಗೋಬಹುದಂತ" ಅಂದ. ಡಾಕ್ಟರಿಗೆ ಹೇಳದೆ ಒಂಬತ್ತು ದಿನ ಕುಡಿದೆ. ನಾಲ್ಕನೇ ಕೀಮೋಗೆ ಮುಂಚೆ ರಕ್ತ ಪರೀಕ್ಷೆ ಮಾಡಿದರೆ ಲಿವರ್‌ನ ಎಸ್‌ಜಿಪಿಟಿ 212. ಸಾಮಾನ್ಯವಾಗಿ 40ರ ಒಳಗೆ ಇರಬೇಕು. ಕೀಮೋ ನಿಲ್ಲಿಸಿದರು. ಬೇರೆ ಏನಾದರೂ ತಿಂದಿರಾ ಅಂತ ಮೂರು ಸಲ ಕೇಳಿದಾಗ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು: "ಯಾಕ ತಗೊಂಡ್ರಿ ಅಕ್ಕಾರ? ನಮ್ಮ ಔಷಧದ ಮ್ಯಾಲೆ ನಂಬಿಕಿ ಹೋತೇನು?" ನಾನು ಅತ್ತುಬಿಟ್ಟೆ. ಸಿಂಧನೂರಿನ ಅಕ್ಕನ ಕಥೆ ಹೇಳಿದೆ, 4.4 ಹೇಳಿದೆ, ರಾತ್ರಿ ಮುಟ್ಟಿ ನೋಡುವುದನ್ನೂ ಹೇಳಿದೆ.

ಅವತ್ತು ಅವರು ಹತ್ತು ನಿಮಿಷ ಕೊಟ್ಟರು. ಆ ಹತ್ತು ನಿಮಿಷ ನನಗೆ ಎಲ್ಲಕ್ಕಿಂತ ದೊಡ್ಡ ಔಷಧ ಆಯಿತು. ಲಿವರ್ ಕೀಮೋ ಔಷಧವನ್ನು ಕರಗಿಸಿ ಹೊರಹಾಕಬೇಕು, ಅದರ ಮೇಲೆ ಗೊತ್ತಿಲ್ಲದ ತೊಗಟೆ ಹಾಕಿದರೆ ಎರಡೂ ಕೆಲಸ ಕೆಡುತ್ತವೆ ಅಂದರು. ಎರಡು ಕೀಮೋಗೆ ಗಡ್ಡೆ ಜಾಸ್ತಿ ಕುಗ್ಗದಿದ್ದರೆ ಸೋತ ಹಾಗಲ್ಲ, ಬೆಳೆಯುತ್ತಿದ್ದರೆ ಮಾತ್ರ ಔಷಧ ಬದಲಿಸುತ್ತೇವೆ ಅಂದರು. ಹಾರ್ಮೋನ್ ಗಡ್ಡೆಗಳು ನಿಧಾನಕ್ಕೆ ಬೆಳೆಯುತ್ತವೆ, ಕೀಮೋಗೂ ನಿಧಾನಕ್ಕೆ ಬಗ್ಗುತ್ತವೆ ಅಂದರು. ಆಮೇಲೆ ನಾನು ಮರೆಯದ ಮಾತು: "ಯಾರಿಗೆ ವಾಪಸ್ ಬರ್ತದ, ಯಾರಿಗೆ ಬರೂದಿಲ್ಲ ಅಂತ ನನಗೆ ಮೊದಲಾ ಹೇಳಾಕ ಆಗೂದಿಲ್ಲ. ಬರೋ ಸಾಧ್ಯತೆ ಕಡಿಮಿ ಮಾಡೂದು ನನ್ನ ಕೈಯಾಗ ಐತಿ, ಪೂರ್ತಿ ಇಲ್ಲದಂಗ ಮಾಡೂದು ಇಲ್ಲ." ಅಲ್ಲಿಯವರೆಗೆ ಎಲ್ಲರೂ "ಏನೂ ಆಗಲ್ಲ" ಅಂತಲೇ ಹೇಳುತ್ತಿದ್ದರು. ಇವರೊಬ್ಬರೇ ನಿಜ ಹೇಳಿದರು, ಅದಕ್ಕೇ ನಂಬಿಕೆ ಬಂತು. ರಾತ್ರಿ ಮುಟ್ಟಿ ನೋಡುವುದನ್ನು ಬಿಡಿ, ಅಳೆಯುವ ಕೆಲಸ ನಮ್ಮದು ಅಂದರು. ಪೂರ್ತಿ ಬಿಡಲು ಆಗಲಿಲ್ಲ, ಕಡಿಮೆ ಮಾಡಿದೆ.

ನಾಲ್ಕನೇ ಕೀಮೋ ಒಂದು ವಾರ ಮುಂದೆ ಹೋಗಿ ಡಿಸೆಂಬರ್ 19ಕ್ಕೆ ಆಯಿತು. ಅದಾದ ಮೇಲೆ ಅಳೆದಾಗ 3.1.

ಓಡಾಟದ ಬಗ್ಗೆ ಸ್ವಲ್ಪ. ರಕ್ತ ಪರೀಕ್ಷೆಯನ್ನು ಹಿಂದಿನ ದಿನ ಕೊಪ್ಪಳದಲ್ಲೇ ಮಾಡಿಸಿ ರಿಪೋರ್ಟ್ ವಾಟ್ಸಾಪ್‌ನಲ್ಲಿ ಕಳಿಸಬಹುದಾ ಅಂತ ಕೇಳಿ. ನಮಗೆ ಒಪ್ಪಿದರು. ಕೌಂಟ್ (ಬಿಳಿ ರಕ್ತಕಣದ ಲೆಕ್ಕ) ಬಿದ್ದಿದ್ದರೆ ಸುಮ್ನೆ ಹುಬ್ಬಳ್ಳಿಯವರೆಗೆ ಹೋಗಿ ಬರುವುದು ತಪ್ಪುತ್ತದೆ. ಹೋಗುವಾಗ ಬಸ್ಸು, ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಆಯಿತು. ಬರುವಾಗ ಮಾತ್ರ ರೈಲೇ ಒಳ್ಳೆಯದು, ಮಲಗಬಹುದು, ಪಾಯಿಖಾನೆ ಇರುತ್ತದೆ. ಬೆಂಗಳೂರು, ಹೈದರಾಬಾದ್, ಮುಂಬೈಗೆ ಚಿಕಿತ್ಸೆಗೆ ಹೋಗುವವರು ರೈಲ್ವೆ ರಿಯಾಯಿತಿ ಫಾರ್ಮನ್ನು ಆಸ್ಪತ್ರೆಯಲ್ಲಿ ಸಹಿ, ಸೀಲು ಹಾಕಿಸಿಕೊಳ್ಳಿ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ ಶೇ. 75 ರಿಯಾಯಿತಿ. ನಮ್ಮ ವಾರ್ಡಿನಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇರಲಿಲ್ಲ. ಇನ್ನೊಂದು, 2025ರಲ್ಲಿ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ (ಹಾಕಿಸಿಕೊಂಡು ಅವತ್ತೇ ಮನೆಗೆ ಬರುವುದು) ಶುರುಮಾಡಿದೆ. ನಿಮ್ಮ ಹತ್ತಿರದಲ್ಲಿ ಇದೆಯಾ ವಿಚಾರಿಸಿ, ಇದ್ದರೆ ಪ್ರತಿ ಸಲ ದೂರ ಹೋಗುವುದು ಉಳಿಯುತ್ತದೆ.

ಐದನೇ ಕೀಮೋ 2025ರ ಜನವರಿ 9ಕ್ಕೆ. ಔಷಧ ಹೊಸದು, ಹಿಂದಿನ ದಿನದಿಂದಲೇ ಸ್ಟೆರಾಯ್ಡ್ ಮಾತ್ರೆ ತಿನ್ನಬೇಕು, ನಿದ್ದೆ ಹತ್ತುವುದಿಲ್ಲ. ಅದಾದ ಒಂದು ವಾರಕ್ಕೇ ಗವಿಮಠದ ಜಾತ್ರೆ. ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ಒಳಗೆ ಬಿಳಿ ರಕ್ತಕಣ ತೀರಾ ಕೆಳಗೆ ಇರುತ್ತವೆ, ಜನರ ಗದ್ದಲಕ್ಕೆ ಹೋಗಲೇಬೇಡಿ ಅಂತ ಹೇಳಿದ್ದರು. ಹುಟ್ಟಿದಾಗಿನಿಂದ ನಾನು ತಪ್ಪಿಸದ ತೇರು ಅದು. ಪ್ರತಿ ವರ್ಷ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ದಾಸೋಹಕ್ಕೆ ರೊಟ್ಟಿ ಬಡಿದು ಕಳಿಸುತ್ತೇವೆ. ಆ ವರ್ಷ ಮಾಳಿಗೆ ಮೇಲೆ ಮಾಸ್ಕ್ ಹಾಕಿಕೊಂಡು ನಿಂತು ಜನರ ಕೂಗು ಕೇಳಿದೆ ಅಷ್ಟೇ. ಅವತ್ತೇ ರಾತ್ರಿ ಜ್ವರ ಬಂತು, 101. ಕ್ರೋಸಿನ್ ತಿಂದು ಬೆಳಗ್ಗೆ ನೋಡೋಣ ಅಂದೆ. ಮಗಳು ಬಿಡಲಿಲ್ಲ, ಫೈಲಿನ ಮೇಲೆ ನರ್ಸ್ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟದ್ದನ್ನು ತೋರಿಸಿದಳು: 100.4 ದಾಟಿದರೆ ತಡಮಾಡದೆ ಆಸ್ಪತ್ರೆಗೆ. ಜಾತ್ರೆಯ ಜನದ ನಡುವೆ ಆಟೊ ಸಿಗದೆ ಮನೆಯವರು ಬೈಕಿನಲ್ಲಿ ಕೂರಿಸಿಕೊಂಡು ಒಯ್ದರು. ಕೌಂಟ್ 900ಕ್ಕೆ ಬಿದ್ದಿತ್ತು. ಮೂರು ದಿನ ಆಂಟಿಬಯಾಟಿಕ್ ಹಾಕಿದರು. ಮನೆಯಲ್ಲಿ ಒಂದು ಥರ್ಮಾಮೀಟರ್ ಇಡಿ. ಕೀಮೋ ಸಮಯದ ಜ್ವರವನ್ನು ಮನೆಯಲ್ಲಿ ಕಾಯುತ್ತಾ ಕೂರುವ ಹಾಗಿಲ್ಲ, ಪ್ರಾಣಕ್ಕೆ ಬರುತ್ತದೆ.

ಉಳಿದ ಮೂರು ಕೀಮೋ ಹೇಗೋ ಆದವು. ಉಗುರು ಕಪ್ಪಾದವು, ಕಾಲಿಗೆ ಜೋಮು, ಇನ್ನೂ ಪೂರ್ತಿ ಹೋಗಿಲ್ಲ. ಮಾರ್ಚ್ 13ಕ್ಕೆ ಕೊನೆಯದು.

ಏಪ್ರಿಲ್‌ನಲ್ಲಿ ಆಪರೇಶನ್, ಎಡ ಎದೆ ಪೂರ್ತಿ ತೆಗೆದರು, ಕಂಕುಳ ಗಂಟುಗಳನ್ನೂ ತೆಗೆದರು. ಪಕ್ಕದಲ್ಲಿ ಒಂದು ನಳಿಕೆ, ಅದಕ್ಕೆ ಡಬ್ಬಿ, ದಿನಾ ಎಷ್ಟು ನೀರು ಬಂತು ಅಂತ ಬರೆದಿಡಬೇಕು. 12 ದಿನ ಇತ್ತು. ಕನ್ನಡಿ ಮುಂದೆ ನಿಲ್ಲಲು ನನಗೆ ಎರಡು ವಾರ ಬೇಕಾಯಿತು. ಅದರ ಬಗ್ಗೆ ಇನ್ನೊಮ್ಮೆ ಯಾವಾಗಾದರೂ ಬರೆಯುತ್ತೇನೆ, ಈಗ ಆಗುವುದಿಲ್ಲ. ಒಂದು ಮಾತ್ರ ಹೇಳಬೇಕು, ಆ ಕೈಗೆ ಇನ್ನು ಮುಂದೆ ಬಿಪಿ ಪಟ್ಟಿ, ಇಂಜೆಕ್ಷನ್, ಸೂಜಿ ಬೇಡ ಅಂತ ನನಗೆ ಹೇಳಿದ್ದಾರೆ, ಭಾರವನ್ನೂ ಎತ್ತುವ ಹಾಗಿಲ್ಲ. ನಾನು ಮೊದಲು ಪೇಪರ್ ಬಂಡಲ್ ಡಬ್ಬವನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದೆ, ಐದು ರೀಮಿನ ಡಬ್ಬ ಅಂದರೆ 12 ಕೆಜಿ ಮೇಲೆ. ಈಗ ಒಂದೊಂದೇ ರೀಮು, ಅದೂ ಬಲಗೈಯಲ್ಲಿ. ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮ ಕಲಿಸುತ್ತಾರೆ, ಅದನ್ನು ಬಿಡಬೇಡಿ. ಬಿಟ್ಟರೆ ಭುಜ ಹಿಡಿಯುತ್ತದೆ.

ಹತ್ತು ದಿನಕ್ಕೆ ಗಡ್ಡೆಯ ರಿಪೋರ್ಟ್ ಬಂತು. ಎಂಟು ಕೀಮೋ ಆದ ಮೇಲೂ ಗಡ್ಡೆ 1.8 ಸೆಂಟಿಮೀಟರ್ ಉಳಿದಿತ್ತು. ಕಂಕುಳಿಂದ ತೆಗೆದ 14 ಗಂಟುಗಳಲ್ಲಿ 2ರಲ್ಲಿ ಇನ್ನೂ ಕ್ಯಾನ್ಸರ್ ಇತ್ತು. ಅಷ್ಟೊತ್ತಿಗೆ ನಾನು ಬೇಕಾದಷ್ಟು ಓದಿಕೊಂಡಿದ್ದೆ, ಕೀಮೋ ಆದ ಮೇಲೆ ಒಂದೂ ಕ್ಯಾನ್ಸರ್ ಜೀವಕೋಶ ಉಳಿಯದಿದ್ದರೆ ಪೂರ್ತಿ ನಾಟಿದೆ ಅಂತ ಅರ್ಥ ಅಂತ. ನನ್ನದು ಉಳಿದಿದೆ. ಅಂದರೆ ಐದು ತಿಂಗಳು ಉಣ್ಣದೆ, ನಿದ್ದೆ ಮಾಡದೆ, ತಲೆ ಬೋಳಾಗಿ ಇದ್ದದ್ದೆಲ್ಲ ನೀರಿಗೆ ಹಾಕಿದ ಹೋಮ ಅನ್ನಿಸಿತು. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಮೂರನೇ ದಿನ ಒಂದು ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡು ಹೋದೆ. ನೀವೂ ಹೀಗೆ ಮಾಡಿ, ಒಳಗೆ ಹೋದ ಮೇಲೆ ಎಲ್ಲ ಮರೆತುಹೋಗುತ್ತದೆ. ನಾನು ಕೇಳಿದ್ದು: ಉಳಿದಿದ್ದು ಅಂದರೆ ಕೀಮೋ ಸೋತಿತಾ? ಉಳಿದಿದ್ದು ಈಗ ನನ್ನ ಮೈಯಲ್ಲಿದೆಯಾ? ಇನ್ನು ನನ್ನ ಮುಖ್ಯ ಔಷಧ ಯಾವುದು? ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. 4.6 ಇದ್ದದ್ದು 1.8 ಆಗಿದೆ ಅಂದರೆ ಔಷಧ ಕೆಲಸ ಮಾಡಿದೆ. ಹಾರ್ಮೋನ್ ಗಡ್ಡೆಗಳು ಕೀಮೋಗೆ ಪೂರ್ತಿ ಕರಗುವುದೇ ಅಪರೂಪ, ಪೂರ್ತಿ ಕರಗುವುದು ಹರ್-2 ಪಾಸಿಟಿವ್ ಮತ್ತು ಮೂರೂ ನೆಗೆಟಿವ್ ಇರುವವರಲ್ಲಿ ಜಾಸ್ತಿ. ರಿಪೋರ್ಟ್‌ನಲ್ಲಿ ಇರುವ 1.8 ಈಗ ಲ್ಯಾಬಿನಲ್ಲಿದೆ, ನನ್ನ ಮೈಯಲ್ಲಿ ಇಲ್ಲ. ಕಣ್ಣಿಗೆ ಕಾಣದ್ದು ಎಲ್ಲಾದರೂ ಉಳಿದಿರಬಹುದು ಅಂತಲೇ ಕರೆಂಟು ಮತ್ತು ಮಾತ್ರೆ. ನನ್ನಂಥವರಿಗೆ ಮಾತ್ರೆ ಕೀಮೋಗಿಂತ ಸಣ್ಣ ಔಷಧ ಅಲ್ಲ ಅಂತ ಒತ್ತಿ ಹೇಳಿದರು.

ಕರೆಂಟು ಅಂದರೆ ನಮ್ಮ ಕಡೆ ರೇಡಿಯೇಶನ್. ಶಾಕ್ ಹೊಡೆಯುತ್ತದೆ ಅಂತ ನಮ್ಮ ಅತ್ತೆ ಹೆದರಿಕೊಂಡಿದ್ದರು. ಅಂಥದ್ದೇನೂ ಇಲ್ಲ, ಎಕ್ಸ್‌ರೇ ತೆಗೆಸಿಕೊಂಡ ಹಾಗೆ ಅಲ್ಲಾಡದೆ ಮಲಗಬೇಕು ಅಷ್ಟೇ. ನನಗೆ 15 ಸಿಟ್ಟಿಂಗ್, ವಾರಕ್ಕೆ ಐದು ದಿನದಂತೆ ಮೂರು ವಾರ. ದಿನಾ ಓಡಾಡಲು ಆಗದೆ ಆಸ್ಪತ್ರೆ ಹತ್ತಿರ ದಿನಕ್ಕೆ 350 ರೂಪಾಯಿಯ ರೂಮು ಹಿಡಿದೆವು. ಎರಡು ದಿನ ಮಷೀನು ಕೆಟ್ಟಿತ್ತು, ಹಾಗಾಗಿ ಶನಿವಾರವೂ ಕರೆದರು. ಚರ್ಮ ಸುಟ್ಟ ಹಾಗೆ ಕಪ್ಪಾಯಿತು, ಸಡಿಲವಾದ ಹತ್ತಿ ಜಂಪರ್ ಮಾತ್ರ ಹಾಕಿಕೊಳ್ಳುತ್ತಿದ್ದೆ. ಮೈಮೇಲೆ ಹಾಕಿದ ಗುರುತನ್ನು ಉಜ್ಜಿ ತೊಳೆಯಬೇಡಿ.

ಜೂನ್‌ನಿಂದ ಟಾಮಾಕ್ಸಿಫೆನ್ 20 ಮಿಲಿಗ್ರಾಂ, ದಿನಕ್ಕೊಂದು. ಗಡ್ಡೆಗೆ ಹಾರ್ಮೋನ್ ನಾಟದ ಹಾಗೆ ತಡೆಯುವ ಮಾತ್ರೆ ಇದು. ಕಡಿಮೆ ಅಂದರೆ ಐದು ವರ್ಷ, ಬೇಕಾದರೆ ಹತ್ತು. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ. ಇಷ್ಟು ಅಗ್ಗದ ಸಣ್ಣ ಮಾತ್ರೆ ಏನು ಮಾಡೀತು ಅಂತ ಮತ್ತೆ ಅನುಮಾನ. ಕೀಮೋದಲ್ಲಾದರೆ ಗಡ್ಡೆ ಅಳೆಯಬಹುದಿತ್ತು, ಈಗ ಅಳೆಯಲು ಏನೂ ಇಲ್ಲ. ಮಾತ್ರೆ ನಾಟುತ್ತಿದೆಯಾ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ. ಈ ಮಾತನ್ನು ಒಪ್ಪಿಕೊಳ್ಳಲು ನನಗೆ ತುಂಬಾ ಕಷ್ಟ ಆಯಿತು. ಹಾರ್ಮೋನ್ ಗಡ್ಡೆ ಇದ್ದವರಲ್ಲಿ ಐದು ವರ್ಷ ಟಾಮಾಕ್ಸಿಫೆನ್ ತಿಂದರೆ 15 ವರ್ಷದ ಲೆಕ್ಕದಲ್ಲಿ ಈ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ ಅಂತ ಸಾವಿರಾರು ಹೆಂಗಸರನ್ನು ನೋಡಿ ಕಂಡುಕೊಂಡಿದ್ದಾರೆ. ಸಾವಿರಾರು ಜನರಲ್ಲಿ ಕಾಣುತ್ತದೆ, ನನ್ನೊಬ್ಬಳಲ್ಲಿ ಕಾಣುವುದಿಲ್ಲ. ಮೈಯೆಲ್ಲ ಒಮ್ಮೆಲೇ ಕಾವು ಏರಿ ಬೆವರುವುದಂತೂ ಇದೆ, ರಾತ್ರಿ ಎರಡು ಸಲ ಏಳುತ್ತೇನೆ. ಮುಟ್ಟಲ್ಲದ ರಕ್ತಸ್ರಾವ, ಒಂದು ಕಾಲು ಊದಿ ನೋವು ಬಂದರೆ ತಕ್ಷಣ ಹೇಳಬೇಕು. ಮನಸ್ಸಿನ ಖಿನ್ನತೆಗೆ ಮಾತ್ರೆ ತಿನ್ನುವವರು ಅದನ್ನೂ ಡಾಕ್ಟರಿಗೆ ತಿಳಿಸಿ, ಅವುಗಳಲ್ಲಿ ಕೆಲವು ಟಾಮಾಕ್ಸಿಫೆನ್ ಕೆಲಸಕ್ಕೆ ಅಡ್ಡ ಬರುತ್ತವೆ.

ಸೆಪ್ಟೆಂಬರ್‌ನಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಒಂದು ಲ್ಯಾಬಿನವರು "ಕ್ಯಾನ್ಸರ್ ಪ್ಯಾಕೇಜ್" ಅಂತ ಕಡಿಮೆ ರೇಟಿಗೆ ರಕ್ತ ಪರೀಕ್ಷೆ ಮಾಡುತ್ತಿದ್ದರು. ಡಾಕ್ಟರನ್ನು ಕೇಳದೆ ಸಿಎ 15-3 ಅನ್ನುವ, ಎದೆ ಕ್ಯಾನ್ಸರಿನ ಗುರುತು ಹುಡುಕುವ ಪರೀಕ್ಷೆ ಮಾಡಿಸಿಕೊಂಡೆ. 36 ಬಂತು, ಅವರ ಕಾಗದದಲ್ಲಿ 30ರ ಒಳಗೆ ಇರಬೇಕು ಅಂತ ಇತ್ತು. ಮೂರು ವಾರ ಸತ್ತು ಬದುಕಿದೆ. ಮಗನ ಪರೀಕ್ಷೆಗೆ ಕೂಡ ಗಮನ ಕೊಡಲಿಲ್ಲ. ಹುಬ್ಬಳ್ಳಿಗೆ ಹೋದಾಗ ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡಿ ನೋಡಿದರು, ಅದೇ ರಕ್ತ ಪರೀಕ್ಷೆ ಮತ್ತೆ ಮಾಡಿಸಿದರು, 27 ಬಂತು. ಲಿವರ್‌ನಲ್ಲಿ ಸ್ವಲ್ಪ ತೊಂದರೆ ಇದ್ದರೂ ಇದು ಏರುತ್ತದಂತೆ. ತ್ರಾಸೇನೂ ಇಲ್ಲದವರಿಗೆ ಈ ಪರೀಕ್ಷೆಯನ್ನಾಗಲೀ ಪೆಟ್ ಸ್ಕ್ಯಾನನ್ನಾಗಲೀ ಪದೇ ಪದೇ ಮಾಡಿಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲ, ಅದಕ್ಕೇ ಬರೆಯುವುದಿಲ್ಲ ಅಂತ ಹೇಳಿದರು. ನಾನು ಸ್ಕೀಮಿನವಳು ಅಂತ ಬರೆಯುತ್ತಿಲ್ಲ ಅಂದುಕೊಂಡಿದ್ದೆ. ನನ್ನ ಲೆಕ್ಕ ಇಷ್ಟೇ: ಕೆಲವು ತಿಂಗಳಿಗೊಮ್ಮೆ ಡಾಕ್ಟರ್ ಕೈಯಿಂದ ಪರೀಕ್ಷೆ, ವರ್ಷಕ್ಕೊಮ್ಮೆ ಬಲ ಎದೆಯ ಮ್ಯಾಮೋಗ್ರಾಂ, ಹೊಸ ಗಂಟು, ಬಿಡದ ಎಲುಬು ನೋವು, ಬಿಡದ ಕೆಮ್ಮು, ತಲೆನೋವು ಬಂದರೆ ಕಾಯದೆ ಹೋಗುವುದು.

ಅವತ್ತೇ ಹೊರಗೆ ಪಾಳಿಯಲ್ಲಿ ಸಿಂಧನೂರಿನ ಅಕ್ಕ ಸಿಕ್ಕರು. ನಾನು ಮನಸ್ಸಿನಲ್ಲಿ ಅವರನ್ನು ಎಂದೋ ಕಳಿಸಿಬಿಟ್ಟಿದ್ದೆ, ಹೇಳಲು ನಾಚಿಕೆ ಆಗುತ್ತದೆ. ಕೋಲು ಇಲ್ಲದೆ ನಡೆದುಕೊಂಡು ಬಂದರು. ಈಗ ಕೀಮೋ ಇಲ್ಲ, ಮಾತ್ರೆ ಮತ್ತು ಎಲುಬಿಗೆ ಒಂದು ಇಂಜೆಕ್ಷನ್. "ಹೋಗಿಲ್ಲ ತಂಗಿ, ಹೋಗೂದೂ ಇಲ್ಲಂತ. ಆದ್ರ ನಿಂತೈತಿ. ಒಂದು ವರ್ಷಾತು, ನಿಂತೈತಿ" ಅಂದರು. ಮೊಮ್ಮಗಳ ಜವಳ ಮಾಡಿದ್ದಂತೆ, ಮೊಬೈಲ್ ತೆಗೆದು ಫೋಟೊ ತೋರಿಸಿದರು. ಅವರಿಗೆ ಔಷಧ ನಾಟಿದೆ ಅನ್ನಬೇಕಾ, ಇಲ್ಲ ಅನ್ನಬೇಕಾ? ನಾನು ಇಷ್ಟು ದಿನ ಕೇಳುತ್ತಿದ್ದ ಪ್ರಶ್ನೆಗೆ ಅವರು ಬೇರೆಯೇ ಒಂದು ಉತ್ತರ ಇಟ್ಟುಕೊಂಡು ಬದುಕುತ್ತಿದ್ದರು.

ಈಗ ರಾತ್ರಿ ಒಂಬತ್ತಕ್ಕೆ ಮಗ ಮಾತ್ರೆ, ನೀರು ತಂದುಕೊಡುತ್ತಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುತ್ತಾನೆ. ಕಾಗದಗಳೆಲ್ಲ ಒಂದೇ ದಪ್ಪ ಫೈಲಿನಲ್ಲಿ ತಾರೀಖಿನ ಪ್ರಕಾರ ಇವೆ, ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸ್. 2026ರ ಜನವರಿ ಮೊದಲ ವಾರ ಗವಿಮಠದ ಜಾತ್ರೆ, ಅದಾದ ಮೇಲೆ ಹುಬ್ಬಳ್ಳಿ ಚೆಕಪ್. ಓಣಿಯವರು ದಾಸೋಹದ ರೊಟ್ಟಿಗೆ ಜೋಳ ಹಸನು ಮಾಡಲು ಕೂತಾಗ ನನ್ನನ್ನೂ ಕರೆದಿದ್ದಾರೆ. ಬಡಿಯುವುದು ಬಲಗೈ, ಎಡಗೈಯಲ್ಲಿ ಬರೀ ತಿರುಗಿಸಿದರೆ ಸಾಕು. ನಿನ್ನೆ ಮನೆಯಲ್ಲಿ ಮಾಡಿ ನೋಡಿದೆ, ಏಳು ರೊಟ್ಟಿ ಆದವು.